ಮಾವನ ವಿಶ್ವ ಸಿನಿಮಾಕ್ಕೆ ನನ್ನ ಕಂಠದಾನ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕನ್ನು ಜರಡಿ ಹಿಡಿದರೂ ವಿಶ್ವ ಸಿನಿಮಾವನ್ನು ಅರೆದು ಕುಡಿದವರು ಒಬ್ಬರೇ ಸಿಗುತ್ತಿದ್ದರು. ಅವರು ನನ್ನ ಸೋದರಮಾವ! ಇದು ನನ್ನ ಅಭಿಪ್ರಾಯವಲ್ಲ, ಖುದ್ದು ಸೋದರಮಾವನದೇ. ನನಗೆ ಗೊತ್ತಿರುವುದು ಇಷ್ಟು: ಅವರು ಕುಡಿದದ್ದರಲ್ಲಿ ಮುಕ್ಕಾಲು ಪಾಲು ನಾನು ಬೆರೆಸಿದ ನೀರು. ನಾಳೆ ಯಾರೋ ಹೇಳಿ ನಿಮಗೆ ಗೊತ್ತಾಗುವುದಕ್ಕಿಂತ ನಾನೇ ಮೊದಲು ಒಪ್ಪಿಕೊಂಡುಬಿಡುತ್ತೇನೆ. ಮೂರು ವರ್ಷ ಆ ಮಹಾನುಭಾವರು ಹೊರದೇಶಗಳ ಹಳೆಯ ಶ್ರೇಷ್ಠ ಚಿತ್ರಗಳನ್ನು ನೋಡಿ ನೋಡಿ ಸಿನಿಮಾ ರಸಗ್ರಹಣವನ್ನು ತಮಗೆ ತಾವೇ ಕಲಿಸಿಕೊಂಡರಲ್ಲ, ಆ ಚಿತ್ರಗಳಲ್ಲಿ ಯಾರು ಯಾರಿಗೆ ಏನು ಹೇಳಿದರು ಎಂದು ಕನ್ನಡದಲ್ಲಿ ಹೇಳಿಕೊಟ್ಟವನು ನಾನು. ಹೇಳಿದ್ದರಲ್ಲಿ ಒಂದು ಮಾತೂ ನಿಜವಿರಲಿಲ್ಲ!

ಬೈಯುವ ಮೊದಲು ನನ್ನ ಕಡೆಯನ್ನೂ ಸ್ವಲ್ಪ ಕೇಳಿ. ನಮ್ಮ ಮನೆ ಇದ್ದದ್ದು ನರಸಿಂಹರಾಜಪುರದಲ್ಲಿ. ಕೊಪ್ಪದ ಪಕ್ಕದ ಬಾಳಗಡಿಯ ಕಾಲೇಜಿನಲ್ಲಿ ಬಿ.ಎ. ಓದಲೆಂದು ನಾನು ಅಲ್ಲೇ ಇದ್ದ ಮಾವನ ಮನೆಯಲ್ಲಿ ಉಳಿದಿದ್ದೆ. ಓದುತ್ತಿದ್ದೆ ಎನ್ನುವುದು ಮನೆಯವರ ನಂಬಿಕೆ. ನಾನು ನಿಜವಾಗಿ ಮಾಡುತ್ತಿದ್ದದ್ದು ಮಿಮಿಕ್ರಿ. ಪ್ರಿನ್ಸಿಪಾಲರ ಕೆಮ್ಮು, ಜಯಪುರದ ಬಸ್ಸಿನ ಕಂಡಕ್ಟರನ ಸೀಟಿ, ಇಂಗ್ಲಿಷ್ ಮೇಡಮ್ಮಿನ ನಿಟ್ಟುಸಿರು, ಯಾವುದು ಬೇಕು ಕೇಳಿ! ಸಿಕ್ಕಿದವರ ದನಿಯನ್ನೆಲ್ಲ ಕದ್ದು ಗಂಟಲಲ್ಲಿ ಕೂಡಿಟ್ಟಿದ್ದೆ. ನಿನ್ನ ಸ್ವಂತ ದನಿ ಯಾವುದು ಎಂದರೆ ಮಾತ್ರ ಸ್ವಲ್ಪ ತಡಕಾಡಬೇಕಾಗುತ್ತಿತ್ತು.

ಈ ಭಂಡಾರದಲ್ಲಿ ಅತಿ ದೊಡ್ಡ ಐಟಂ ಎಂದರೆ 'ಮಾವನ ಹುಬ್ಬು'. ಮಾವನಿಗೆ ಬಾಯಿ ಇತ್ತು, ಆದರೆ ಮುಕ್ಕಾಲು ವ್ಯವಹಾರವನ್ನು ಅವರು ಮುಖದಲ್ಲೇ ಮುಗಿಸುತ್ತಿದ್ದರು. ಎಡ ಹುಬ್ಬು ಮೇಲೆ ಹೋದರೆ ಕಾಫಿ ಬೇಕು. ಎರಡೂ ಹೋದರೆ ಯಾರೋ ನೆಂಟರು ಬಂದರು. ಒಂದು ಕೆನ್ನೆ ಉಬ್ಬಿದರೆ ಕರೆಂಟು ಹೋಯಿತು. ಮೂಗು ಸೊಟ್ಟಗಾದರೆ, ಬಂದ ನೆಂಟ ಬೇಗ ಏಳುವ ಜಾತಿಯಲ್ಲ, ಇನ್ನೊಂದು ಲೋಟ ಕೊಡಬೇಡ! ಅಭ್ಯಾಸ ಎಷ್ಟು ಬಲಿತಿತ್ತೆಂದರೆ ಅಂಗಡಿಯಲ್ಲಿ ಗಿರಾಕಿಗಳ ಎದುರಿಗೂ ಅದೇ ನಾಟಕ. ಒಮ್ಮೆ ಮುತ್ತಿನಕೊಪ್ಪದವರೊಬ್ಬರು, "ನಮ್ಮ ಮೋಟಾರು ರೆಡಿಯಾತಾ ಮಾರಾಯ್ರೆ?" ಎಂದು ಕೇಳಿದರೆ ಮಾವ ಕೆನ್ನೆ ಉಬ್ಬಿಸಿ, ಕಣ್ಣು ಮೇಲೆ ಮಾಡಿ, ತುಟಿ ಕೆಳಗೆ ಮಾಡಿದರು. ಕರೆಂಟಿಲ್ಲ, ನಾಡಿದ್ದು ಬನ್ನಿ ಎಂದು ಅದರರ್ಥ. ಪಾಪ, ಅವರು ನನ್ನ ಕಡೆ ತಿರುಗಿ, "ನಿಮ್ಮ ಮಾವಂಗೆ ದವಡೆ ಹಲ್ಲಿನ ನೋವಾ?" ಎಂದರು. ಈ ಐಟಂ ಮಾಡಿ ಕಾಲೇಜ್ ಡೇಯಲ್ಲಿ ಎರಡನೇ ಬಹುಮಾನ ಹೊಡೆದೆ. ಮೊದಲ ಬಹುಮಾನ ಭಾವಗೀತೆ ಹಾಡಿದ ಹುಡುಗಿಗೆ ಹೋಯಿತು, ಅದು ಬೇರೆ ದುಃಖ.

ಮಾವನ ಅಂಗಡಿ ಬಾಳಗಡಿಯಲ್ಲಿ. ಸುಟ್ಟ ಪಂಪ್‌ಸೆಟ್ಟು, ಮಿಕ್ಸಿ, ಫ್ಯಾನುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ರೀವೈಂಡಿಂಗ್ ಅಂಗಡಿ. ಅಲ್ಲೊಂದು ಕೈಯಲ್ಲಿ ತಿರುಗಿಸುವ ಸುತ್ತುವ ಮಿಷನ್ನು. ಅದಕ್ಕೆ ಎಷ್ಟು ಸುತ್ತು ಆಯಿತೆಂದು ತೋರಿಸುವ ಪುಟ್ಟ ಎಣಿಕೆಯ ಮೀಟರು. ಸುತ್ತುವಾಗ ಮಾವನನ್ನು ಮಾತಾಡಿಸುವ ಹಾಗಿಲ್ಲ. ಪ್ರಧಾನಮಂತ್ರಿ ಬಂದು ನಿಂತರೂ ಅಂಗೈ ತೋರಿಸಿ ನಿಲ್ಲಿಸುತ್ತಿದ್ದರು. ಇಂಥಾ ಮನುಷ್ಯನಿಗೆ ಸಿನಿಮಾ ಹುಚ್ಚು ಹಿಡಿಸಿದವರು ಒಬ್ಬ ಬ್ಯಾಂಕ್ ಆಫೀಸರು. ಅವರ ಮೇಜಿನ ಫ್ಯಾನನ್ನು ಮಾವ ಆರು ಗಂಟೆ ಪಟ್ಟು ಬಿಡದೆ ಕೂತು ಸರಿ ಮಾಡಿದ್ದನ್ನು ನೋಡಿದ್ದ ಅವರು, ವರ್ಗವಾಗಿ ಹೋಗುವಾಗ ಒಂದು ರಟ್ಟಿನ ಡಬ್ಬ ತುಂಬ ಹಳೆಯ ಹೊರದೇಶದ ಸಿನಿಮಾಗಳ ಸಿ.ಡಿ. ತಂದುಕೊಟ್ಟರು. "ಇವನ್ನ ನೋಡೋ ತಾಳ್ಮೆ ಈ ಊರಲ್ಲಿ ನಿಮಗೊಬ್ಬರಿಗೇ ಇರೋದು" ಎಂದರಂತೆ. ಲಾರಿಯಲ್ಲಿ ಜಾಗ ಸಾಲದೆ ಕೊಟ್ಟರೋ, ನಿಜವಾಗಿಯೇ ಹೇಳಿದರೋ ದೇವರಿಗೇ ಗೊತ್ತು. ಮಾವ ಮಾತ್ರ ಅದನ್ನು ವಿಶ್ವವಿದ್ಯಾಲಯದ ಪದವಿಪತ್ರದ ಹಾಗೆ ಸ್ವೀಕರಿಸಿಬಿಟ್ಟರು!

ಅವತ್ತಿನಿಂದ ಶುರುವಾಯಿತು ನೋಡಿ. ಸಂಜೆ ಆರೂವರೆಗೆ ಅಂಗಡಿ ಬಾಗಿಲು ಹಾಕಿ, ಕೈಕಾಲು ತೊಳೆದು, ಸಂಧ್ಯಾವಂದನೆಗೆ ಕೂರುವವರ ಗಾಂಭೀರ್ಯದಲ್ಲಿ ಟೀವಿಯ ಮುಂದೆ ಕೂರುತ್ತಿದ್ದರು. ತೊಡೆಯ ಮೇಲೆ ಅಂಗಡಿಯಿಂದ ಬಿಚ್ಚಿ ತಂದ ಎಣಿಕೆಯ ಮೀಟರು! ಎಂತಕ್ಕೆ ಎಂದಿರಾ? ಪರದೆಯ ಮೇಲೆ ಒಂದು ದೃಶ್ಯ ಕತ್ತರಿಸಿ ಇನ್ನೊಂದು ಬಂದಾಗಲೆಲ್ಲ ಒಂದು ಸಲ 'ಟಿಕ್' ಅನ್ನಿಸುವುದಕ್ಕೆ. ಸಿನಿಮಾ ಮುಗಿದ ಮೇಲೆ ಮೀಟರು ನೋಡಿ ತೀರ್ಪು ಕೊಡುತ್ತಿದ್ದರು.

"ಆರುನೂರಾ ಐವತ್ತು ತುಂಡು. ಸಾಧಾರಣ ಪಿಕ್ಚರ್."

"ಮಾವ, ತುಂಡಿಗೂ ಪಿಕ್ಚರಿಗೂ ಎಂತ ಸಂಬಂಧ?"

"ಚೆನ್ನಾಗಿ ಸುತ್ತಿದ ಕಾಯಿಲ್ ನೋಡು ಮಾರಾಯ. ನಡುವೆ ಜಾಯಿಂಟ್ ಇರ್ತದನ? ಎಷ್ಟು ಕಮ್ಮಿ ಜಾಯಿಂಟೋ ಅಷ್ಟು ಬಾಳಿಕೆ. ಪಿಕ್ಚರೂ ಅಷ್ಟೆ."

ಜಗತ್ತಿನ ಯಾವ ಸಿನಿಮಾ ಪಂಡಿತನೂ ಹೇಳದ ಈ ಸಿದ್ಧಾಂತವನ್ನು ಮಾವ ಬಂದವರಿಗೆಲ್ಲ ಬೋಧಿಸುತ್ತಿದ್ದರು. ಕೊಪ್ಪದ ಟಾಕೀಸಿಗೆ ಹೊಸ ಕನ್ನಡ ಚಿತ್ರ ಬಂದರೆ, "ಹಾಡೊಂದರಲ್ಲೇ ಇನ್ನೂರು ತುಂಡು, ಸುಟ್ಟ ಮೋಟಾರು ಅದು" ಎಂದು ಮೂಗು ಮುರಿಯುತ್ತಿದ್ದರು. ಮೋಟಾರು ಒಯ್ಯಲು ಬಂದವನಿಗೆ ಬೆಳಕು ನೆರಳಿನ ಪಾಠ ಮುಗಿಯದೆ ಮೋಟಾರು ಸಿಗುತ್ತಿರಲಿಲ್ಲ. "ಅವರಿಗೇ ಒಂದು ಕಾಯಿಲ್ ಸುಟ್ಟಿದೆ" ಎಂದು ಬಾಳಗಡಿಯಲ್ಲಿ ಜನ ಬಹಿರಂಗವಾಗಿಯೇ ಆಡಿಕೊಳ್ಳತೊಡಗಿದರು. ಆ ಮಾತನ್ನು ಮೊದಲು ಹುಟ್ಟುಹಾಕಿದವನು ಯಾರು ಎಂದು ದಯವಿಟ್ಟು ನನ್ನನ್ನು ಕೇಳಬೇಡಿ!

ಜಯಪುರದ ಒಂದು ಮದುವೆಯಲ್ಲಿ ನಡೆದದ್ದನ್ನು ಹೇಳದಿದ್ದರೆ ಈ ವಿದ್ಯೆಗೆ ಅಪಚಾರವಾದೀತು. ವಿಡಿಯೋ ತೆಗೆಯುವವನಿಗೆ ಬೆಳಗ್ಗಿನಿಂದ ಹೊಟ್ಟೆಗಿಲ್ಲ. ತಿಂಡಿ ತಿಂದು ಬರುತ್ತೇನೆ, ಒಂದು ಹತ್ತು ನಿಮಿಷ ಹಿಡಿದುಕೊಂಡಿರಿ ಎಂದು ಕ್ಯಾಮೆರಾವನ್ನು, ಮೋಟಾರು ಗೀಟಾರು ಗೊತ್ತಿರುವ ಜನ ಎಂಬ ಭರವಸೆಯ ಮೇಲೆ, ಮಾವನ ಕೈಗೆ ಕೊಟ್ಟು ಹೋದ. ಅಷ್ಟರಲ್ಲಿ ಧಾರೆಗೆ ಕರೆದರು. ಮಾವ ಕ್ಯಾಮೆರಾ ಹಿಡಿದು ನೆಟ್ಟಗೆ ಚೌಟ್ರಿಯ ಹೊರಗೆ ಹೋದರು. ಅಲ್ಲಿ ರಾಶಿ ಬಿದ್ದಿದ್ದ ಚಪ್ಪಲಿಗಳನ್ನು ಇಪ್ಪತ್ತೆರಡು ನಿಮಿಷ, ಒಂದೇ ಒಂದು ತುಂಡಿಲ್ಲದೆ, ಅಲುಗಾಡದೆ ಹಿಡಿದರು! ಒಳಗೆ ಓಲಗ, ಹೊರಗೆ ಚಪ್ಪಲಿ. ಆಮೇಲೆ ಕ್ಯಾಸೆಟ್ಟು ನೋಡಿದ ಹೆಣ್ಣಿನ ಅಪ್ಪ ಅಂಗಡಿಗೇ ಬಂದು ಕೂಗಾಡಿದರು.

"ಧಾರೆ ಎಲ್ರೀ? ನನ್ನ ಮಗಳ ಧಾರೆ ಎಲ್ಲಿ?"

"ಧಾರೆ ಎಲ್ಲ ಮದುವೇಲೂ ಇರ್ತದೆ" ಎಂದರು ಮಾವ ಶಾಂತವಾಗಿ. "ಆ ಚಪ್ಪಲಿಗಳು ಮತ್ತೆ ಆ ಥರ ಸೇರ್ತಾವ?"

ಅನ್ಯಾಯ ಹೇಳಬಾರದು, ಆ ಕಲಾಕೃತಿಯಿಂದ ಸಮಾಜಕ್ಕೆ ಒಂದು ಉಪಯೋಗ ಆಯಿತು. ಅವತ್ತು ಹೊಸ ಚಪ್ಪಲಿ ಕಳೆದುಕೊಂಡಿದ್ದ ನೆಂಟರೊಬ್ಬರು ಕ್ಯಾಸೆಟ್ಟು ಹಾಕಿಸಿ ನೋಡಿ ಕಳ್ಳನನ್ನು ಹಿಡಿದರು!

ಇನ್ನು ನನ್ನ ಪಾಪದ ಕಥೆ. ಆ ಸಿನಿಮಾಗಳ ಭಾಷೆ ಮಾವನಿಗೆ ಬರುವ ಪ್ರಶ್ನೆಯೇ ಇಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಸಾಲುಗಳು ಬರುತ್ತಿದ್ದವು. ಮಾವನ ಇಂಗ್ಲಿಷ್ ಮೋಟಾರಿನ ಮೇಲಿನ ಎಚ್.ಪಿ., ಆರ್.ಪಿ.ಎಂ. ದಾಟಿ ಆಚೆ ಹೋಗಿರಲಿಲ್ಲ. ಹಾಗಾಗಿ ಮೊದಲ ದಿನವೇ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನಿಂಗೆ ಇಂಗ್ಲಿಷ್ ಬರ್ತದಲ್ಲ?"

"ಎಂತ ಹೀಗೆ ಕೇಳ್ತೀರಿ ಮಾವ? ಬಿ.ಎ.ಯಲ್ಲಿ ಮತ್ತೆಂತ ಓದ್ತಿದೀನಿ?"

ಮೊದಲ ಟೆಸ್ಟಿನಲ್ಲೇ ಇಂಗ್ಲಿಷಿನಲ್ಲಿ ಫೇಲಾದ ಸುದ್ದಿ ಇನ್ನೂ ಮನೆಗೆ ಮುಟ್ಟಿರಲಿಲ್ಲ. ಹತ್ತು ನಿಮಿಷ ಪ್ರಾಮಾಣಿಕವಾಗಿ ಹೆಣಗಿದೆ. ಆದರೆ ನಾನು ಮೊದಲ ಪದದ ಅರ್ಥ ಹುಡುಕುವಷ್ಟರಲ್ಲಿ ಆ ಸಾಲು ಹೋಗಿ, ಅದರ ತಮ್ಮನೂ ಹೋಗಿ, ಮೂರನೆಯದು ಬಂದು ಕೂತಿರುತ್ತಿತ್ತು. ಮಾವ, "ಎಂತ ಅಂದ? ಎಂತ ಅಂದ?" ಎಂದು ಪಕ್ಕೆಗೆ ತಿವಿಯುತ್ತಿದ್ದರು. ಕೊನೆಗೆ ನನ್ನ ಗಂಟಲಿನ ಭಂಡಾರದ ಬಾಗಿಲು ತಾನಾಗಿ ತೆಗೆದುಕೊಂಡಿತು. ಪರದೆಯ ಮೇಲಿನ ಹ್ಯಾಟು ಹಾಕಿದ ಗಂಡಸು ಕಂಡಕ್ಟರನ ದನಿಯಲ್ಲಿ ಮಾತಾಡಿದ. ಅವನ ಹೆಂಡತಿ ಇಂಗ್ಲಿಷ್ ಮೇಡಮ್ಮಿನ ನಿಟ್ಟುಸಿರು ಬಿಟ್ಟಳು. ಮಾವ ಎಷ್ಟು ತನ್ಮಯರಾದರೆಂದರೆ ಮೀಟರು ಒತ್ತುವುದನ್ನೇ ಎರಡು ಸಲ ಮರೆತರು. ಅಲ್ಲಿಂದ ಮೂರು ವರ್ಷ ಇದೇ ವ್ಯವಸ್ಥೆ. ಎರಡನೇ ವಾರದಿಂದ ನಾನು ಇಂಗ್ಲಿಷ್ ಸಾಲುಗಳ ಕಡೆ ನೋಡುವುದನ್ನೂ ಬಿಟ್ಟೆ.

ಈ ವಿಶ್ವವಿದ್ಯಾಲಯದಲ್ಲಿ ಇನ್ನೊಬ್ಬರಿದ್ದರು, ಅವರನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ನನ್ನ ಅತ್ತೆ. ನಾನು ಹೈಸ್ಕೂಲು ಮೆಟ್ಟಿಲು ಹತ್ತುವ ಮೊದಲೇ ಒಂದು ಜ್ವರ ಬಂದು ಅತ್ತೆಯ ಎರಡೂ ಕಿವಿ ಹೋಗಿದ್ದವು. ಮಾವನಿಗೂ ನನಗೂ ಕಾಫಿ ಕೊಟ್ಟು ಅವರು ಅಡುಗೆಮನೆಯ ಹೊಸಿಲ ಮೇಲೆ ಕೂತು, ಮಾರನೆಯ ದಿನದ ಹುರುಳಿಕಾಯಿಗೆ ನಾರು ತೆಗೆಯುತ್ತ ಟೀವಿ ನೋಡುತ್ತಿದ್ದರು. ನನ್ನ ಕಂಠದಾನದ ಒಂದಕ್ಷರವೂ ಅವರಿಗೆ ಮುಟ್ಟುತ್ತಿರಲಿಲ್ಲ. ನಡುನಡುವೆ ಏನಾದರೊಂದು ಹೇಳುತ್ತಿದ್ದರು. ತಮ್ಮ ದನಿಯ ಅಳತೆ ತಮಗೇ ಗೊತ್ತಿಲ್ಲದ್ದರಿಂದ ಆ ಮಾತು ಬಾಳಗಡಿ ಸರ್ಕಲ್ಲಿನವರೆಗೂ ಕೇಳುತ್ತಿತ್ತು.

ಡಬ್ಬದಲ್ಲಿ ಒಂದು ಕಪ್ಪು ಬಿಳುಪಿನ ಸಿನಿಮಾ ಇತ್ತು. ಹೊಳೆ ದಾಟಿಸುವ ದೋಣಿಯ ಮುದುಕ, ಅವನ ಮಗಳು, ಒಂದು ಗುಡಿಸಲು. ಒಂದೂ ಮುಕ್ಕಾಲು ಗಂಟೆ ಇಬ್ಬರೂ ಊಟ ಮಾಡುವುದು, ಹಗ್ಗ ಹೊಸೆಯುವುದು, ನೀರು ಕುಡಿಯುವುದು, ಇಷ್ಟೇ! ಅವರು ಮಾತಾಡುತ್ತಿದ್ದದ್ದೇ ಅಪರೂಪ. ನನಗೆ ಬೇಜಾರಾಗಿ ಸತ್ತುಹೋಗುವ ಹಾಗಾಯಿತು. ಅದಕ್ಕೆ ನಾನೊಂದು ಆಸ್ತಿ ಜಗಳ ಹುಟ್ಟಿಸಿದೆ. ಮುದುಕನಿಗೆ ಕೊಪ್ಪ ಬಸ್‌ಸ್ಟ್ಯಾಂಡಿನ ಜಮೀನು ದಲ್ಲಾಳಿಯ ದನಿ ಕೊಟ್ಟೆ. ಮಗಳು, "ಅಪ್ಪಯ್ಯ, ದೋಣೀಲಿ ನಂಗೂ ಪಾಲು ಕೊಡು" ಎಂದು ಪೀಡಿಸುವುದು. ದಲ್ಲಾಳಿ, "ಪಹಣಿ ಯಾರ ಹೆಸರಲ್ಲಿದೆ ಮೊದಲು ನೋಡನ" ಎಂದು ಜಾರಿಕೊಳ್ಳುವುದು. ಮುದುಕ ಚಾಪೆಯ ಮೇಲೆ ಕೈಯಾಡಿಸಿದರೆ, "ಪೆಟ್ಟಿಗೆ ಕೀಲಿ ಹುಡುಕ್ತಿದಾನೆ ಮಾವ" ಎಂದೆ. ಮಗಳು ನೀರಿನ ಚೊಂಬನ್ನು ಎತ್ತಿ ಈಚೆಗೆ ಇಟ್ಟರೆ, "ಕೀಲಿ ಚೊಂಬಿನ ಅಡಿಗಿದೆಯಾ ಅಂತ ನೋಡ್ತಿದಾಳೆ" ಎಂದೆ. ಮಾವ ರೋಮಾಂಚನಗೊಂಡು, "ಚೊಂಬು ಅಂದರೆ ಅಧಿಕಾರ! ಬರ್ಕೋ, ಬರ್ಕೋ" ಎಂದರು.

ಆಗ ಹೊಸಿಲಿನಿಂದ ಅತ್ತೆ ಕೂಗಿದರು: "ಅಯ್ಯೋ, ಆ ಅಜ್ಜಂಗೆ ಕಣ್ಣು ಕಾಣಲ್ಲ! ಮಗಳಿಗೆ ಗೊತ್ತು, ಗೊತ್ತಿಲ್ಲದೋಳ ಹಂಗೆ ಇದಾಳೆ! ಆ ಚೊಂಬನ್ನ ದಿನಾ ಒಂದೊಂದು ಗೇಣು ಅವನ ಕೈ ಹತ್ರ ಇಡ್ತಾಳೆ ನೋಡಿ!"

ಮಾವ ಸಿನಿಮಾ ನಿಲ್ಲಿಸಿದರು. ಅತ್ತೆಯ ಕಡೆ ತಿರುಗಿ, ಸುಮ್ಮನಿರು ಎಂದು ಕೈಯಾಡಿಸಿದರು. ಆಮೇಲೆ ನನಗೆ ಹೇಳಿದರು: "ಕಿವಿ ಕೇಳದೋಳಿಗೆ ಪಿಕ್ಚರ್ ಎಂತ ಅರ್ಥ ಆಗ್ತದೆ ಮಾರಾಯ? ನೀ ಮುಂದೆ ಹೇಳು."

ನಾನು? ನಾನು ದಲ್ಲಾಳಿಯ ದನಿಯಲ್ಲಿ ಗಹಗಹಿಸಿ ನಕ್ಕೆ. ಅತ್ತೆ ತಲೆ ತಗ್ಗಿಸಿ ಹುರುಳಿಕಾಯಿಗೆ ಮರಳಿದರು.

ನಾನು ಕೊನೆಯ ವರ್ಷದಲ್ಲಿದ್ದಾಗ ಬಂತು ಗ್ರಹಚಾರ. ಶೃಂಗೇರಿಯಲ್ಲಿ ಕೆಲವು ಮೇಷ್ಟ್ರುಗಳೂ ಹುಡುಗರೂ ಸೇರಿ ಒಂದು ಭಾನುವಾರ ಮಧ್ಯಾಹ್ನ ಒಳ್ಳೆಯ ಸಿನಿಮಾ ತೋರಿಸುವುದೆಂದು ತೀರ್ಮಾನಿಸಿದರು. ಕೊಪ್ಪದ ಕಡೆ ಯಾರೋ ರೀವೈಂಡಿಂಗ್‌ನವರು ಈ ವಿಷಯದಲ್ಲಿ ಬಹಳ ಓದಿಕೊಂಡವರಂತೆ ಎಂಬ ಗಾಳಿಸುದ್ದಿ ಅವರಿಗೆ ಮುಟ್ಟಿತ್ತು! ಇಬ್ಬರು ಬೈಕಿನಲ್ಲಿ ಅಂಗಡಿಗೆ ಬಂದು, ನಿಮ್ಮ ಹತ್ತಿರ ಇರುವ ಒಂದು ಸಿನಿಮಾ ಕೊಡಿ, ತೋರಿಸುವ ಮೊದಲು ಅದರ ಬಗ್ಗೆ ಕಾಲು ಗಂಟೆ ನೀವೇ ಮಾತಾಡಿ, ಬೆಂಗಳೂರಿನಿಂದ ಒಬ್ಬ ಸಿನಿಮಾ ತಿಳಿದವರೂ ಬರುತ್ತಾರೆ ಎಂದರು. ಮಾವ ಆರಿಸಿದ್ದು ಯಾವುದನ್ನು? ನಾನು ಬೇರೆ ಹೇಳಬೇಕೆ? ದೋಣಿ!

ಅವತ್ತು ಸಂಜೆ ಮಾವ ಮೀಟರು ಮುಟ್ಟಲಿಲ್ಲ. ಮೋಟಾರಿಗೆ ಹಾಕುವ ದಪ್ಪ ಇನ್ಸುಲೇಶನ್ ಕಾಗದದ ಮೇಲೆ 'ದೋಣಿ ಮತ್ತು ಆಸ್ತಿ' ಎಂದು ತಲೆಬರಹ ಬರೆದು, ಪೆನ್ನು ಕಚ್ಚಿಕೊಂಡು ಕೂತರು. ತಲೆ ಎತ್ತದೆಯೇ ಹೇಳಿದರು: "ಕಾಯಿಲ್ ಸುಟ್ಟಿದೆ ಅಂತ ಎಲ್ಲ ಆಡ್ಕಂತಾರೆ, ನಂಗೆ ಗೊತ್ತಿಲ್ಲ ಅಂದ್ಕಂಡಿದೀಯ? ಭಾನುವಾರ ಒಂದು ಮೈಕು ಸಿಗ್ತದೆ ಮಾರಾಯ. ಸಾಕು."

ಮಾರನೆಯ ದಿನ ಮಾವ ಅಂಗಡಿಗೆ ಹೋದಾಗ ಸಿ.ಡಿ. ಹಾಕಿ, ನಿಘಂಟು ಹಿಡಿದು, ಸಾಲು ಸಾಲಿಗೆ ನಿಲ್ಲಿಸಿ ಓದಿದೆ. ಇಪ್ಪತ್ತು ನಿಮಿಷಕ್ಕೇ ಸಾಕಾಯಿತು. ಆಸ್ತಿಯ ಸುದ್ದಿ ಇಲ್ಲ, ಪಾಲಿಲ್ಲ, ಕೀಲಿ ಮೊದಲೇ ಇಲ್ಲ! ಹೆದರಿ ಟೀವಿ ಆರಿಸಿದೆ. ಮುಂದೇನಿದೆ ಎಂದು ನೋಡುವ ಧೈರ್ಯ ಬರಲಿಲ್ಲ.

ಹೇಳಿಬಿಡಬೇಕೆಂದು ಅಂಗಡಿಗೆ ಓಡಿದೆ. ಮಾವ ಮಿಷನ್ನು ತಿರುಗಿಸುತ್ತಿದ್ದರು, ಅಂಗೈ ತೋರಿಸಿದರು. ಎಂಟುನೂರು ಸುತ್ತು ಮುಗಿಯುವಷ್ಟರಲ್ಲಿ ನನ್ನ ಧೈರ್ಯವೂ ಸುತ್ತಿಕೊಂಡು ಮೂಲೆ ಸೇರಿತ್ತು. ಮಾರನೆಯ ಬೆಳಿಗ್ಗೆ, ಮುಖ ನೋಡದಿದ್ದರೆ ಹೇಳಬಹುದೆಂದು, ಅವರು ಸ್ನಾನಕ್ಕಿಳಿದಾಗ ಬಚ್ಚಲ ಬಾಗಿಲಿಗೆ ಬಾಯಿಟ್ಟು, "ಮಾವ, ಆ ದೋಣಿ ಪಿಕ್ಚರಲ್ಲಿ ಚೊಂಬಿನ ವಿಷಯ..." ಎಂದೆ. ಒಳಗಿನಿಂದ ನೀರಿನ ಸದ್ದಿನ ಜೊತೆ, "ನೆನಪು ಮಾಡಿದ್ದು ಒಳ್ಳೇದಾಯ್ತು! ಅದನ್ನ ಬಿಟ್ಟೇಬಿಟ್ಟಿದ್ದೆ, ಸೇರಿಸ್ತೀನಿ!" ಎಂದು ಉತ್ತರ ಬಂತು. ಹೀಗೆ ನನ್ನ ತಪ್ಪೊಪ್ಪಿಗೆಯಿಂದ ಭಾಷಣ ಇನ್ನೂ ಒಂದು ಪುಟ ಬೆಳೆಯಿತು! ಕೊನೆಗೆ ಅತ್ತೆಯ ಹತ್ತಿರವಾದರೂ ಹೇಳೋಣವೆಂದು ಅಡುಗೆಮನೆಗೆ ಹೋದೆ. ಹೋಗಿ ನಿಂತೆ, ಅಷ್ಟೆ. ಬಾಯಿ ತೆರೆದಿರಲಿಲ್ಲ. ಅತ್ತೆ ನನ್ನನ್ನೊಮ್ಮೆ ನೋಡಿ, "ಎಂತ ಕಳ್ಳತನ ಮಾಡ್ಕಂಡು ಬಂದಿದೀಯ?" ಎಂದರು. ಅಲ್ಲಿಂದ ಕಾಲು ಕಿತ್ತೆ.

ಭಾನುವಾರ ಹೊರಡುವಾಗ ಅತ್ತೆ ಮಾವನ ಶರ್ಟಿನ ಕಾಲರು ಎಳೆದು ಸರಿ ಮಾಡಿದರು. "ಅತ್ತೇನೂ ಬರ್ಲಿ ಮಾವ" ಎಂದೆ. "ಭಾಷಣಕ್ಕೆ ಬಂದು ಅವಳೆಂತ ಮಾಡ್ತಾಳೆ?" ಎಂದರು ಮಾವ. ಅಷ್ಟು ಹೇಳಿ ಅತ್ತೆಯ ಕಡೆ ತಿರುಗಿ ಗಲ್ಲವನ್ನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಆಡಿಸಿದರು. ಕತ್ತಲಾಗುವುದರೊಳಗೆ ಬರುತ್ತೇವೆ ಎಂದು. ನನ್ನ 'ಮಾವನ ಹುಬ್ಬು' ಪಟ್ಟಿಯಲ್ಲಿ ಅದು ಹತ್ತೊಂಬತ್ತನೇ ಭಂಗಿ.

ಶೃಂಗೇರಿಯ ಆ ಶಾಲೆಯ ಹಾಲಿನಲ್ಲಿ ಐವತ್ತು ಅರವತ್ತು ಜನ. ಮಕ್ಕಳು, ಮೇಷ್ಟ್ರುಗಳು, ಹೆಂಗಸರು, ಮುಂದಿನ ಸಾಲಿನಲ್ಲಿ ವೀಳ್ಯ ಜಗಿಯುತ್ತಿದ್ದ ಒಬ್ಬ ಅಜ್ಜಿ. ಬೆಂಗಳೂರಿನವರು ಮೊದಲು ಮೈಕಿನ ಮುಂದೆ ಬಂದರು. ಜುಬ್ಬಾ, ಹೆಗಲಚೀಲ. ಹಾಳಾದವರು ಆ ಸಿನಿಮಾವನ್ನು ಐದಾರು ಸಲ ನೋಡಿದ್ದರು! ಕಥೆಯನ್ನು ಸ್ವಚ್ಛ ಕನ್ನಡದಲ್ಲಿ ಹೇಳಿಬಿಟ್ಟರು. "ದೋಣಿಯವನಿಗೆ ದೃಷ್ಟಿ ಹೋಗುತ್ತಿದೆ. ಗೊತ್ತಾದರೆ ಮಗಳು ತನ್ನನ್ನು ನೋಡಿಕೊಳ್ಳಲೆಂದು ಮದುವೆಯಾಗದೆ ಉಳಿದುಬಿಡುತ್ತಾಳೆ ಎಂದು ಅದನ್ನು ಮುಚ್ಚಿಡುತ್ತಾನೆ. ಮಗಳಿಗೆ ಅದು ಗೊತ್ತು. ಗೊತ್ತು ಎನ್ನುವುದನ್ನು ಅವಳೂ ಮುಚ್ಚಿಡುತ್ತಾಳೆ. ಇಡೀ ಸಿನಿಮಾ ಇಷ್ಟೇ."

ನನ್ನ ಕಿವಿಯಲ್ಲಿ ಅತ್ತೆಯ ದನಿ ಬಾಳಗಡಿ ಸರ್ಕಲ್ಲಿನವರೆಗೂ ಕೇಳುವಷ್ಟು ಜೋರಾಗಿ ಮೊಳಗಿತು. ಮೆಲ್ಲನೆ ಪಕ್ಕಕ್ಕೆ ನೋಡಿದೆ. ಮಾವ ನನ್ನನ್ನೇ ನೋಡುತ್ತಿದ್ದರು. ಹುಬ್ಬು, ಕೆನ್ನೆ, ಮೂಗು ಒಂದೂ ಅಲ್ಲಾಡಲಿಲ್ಲ. ಆ ಮುಖ ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಹೆಸರು ಕರೆದರು. ಮಾವ ಎದ್ದು ಹೋಗಿ ಮೈಕಿನ ಮುಂದೆ ನಿಂತರು. ಇನ್ಸುಲೇಶನ್ ಕಾಗದದ ಕಟ್ಟನ್ನು ತೆಗೆದು ನೋಡಿದರು, ನಾಲ್ಕಾಗಿ ಮಡಚಿ ಜೇಬಿಗೆ ಹಾಕಿದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಈಗ ನನ್ನ ಹೆಸರು ಹೇಳುತ್ತಾರೆ, ಇಡೀ ಸಭೆ ತಿರುಗಿ ನನ್ನನ್ನು ನೋಡುತ್ತದೆ ಎಂದು ನಾನು ಕುರ್ಚಿಯಲ್ಲೇ ಇಳಿದಿಳಿದು ಮುಕ್ಕಾಲು ಪಾಲು ನೆಲ ಸೇರಿದ್ದೆ.

"ಈ ಪಿಕ್ಚರಲ್ಲಿ ನಾನೂರ ಹದಿನೇಳು ತುಂಡು ಇದಾವೆ" ಎಂದರು ಮಾವ. "ನಾನು ಎಣಿಸಿದೀನಿ. ಎಣಿಸಿದ್ದು ಒಂದೇ ಮಾಡಿದ್ದು. ನಮ್ಮನೆಯವಳಿಗೆ ಕಿವಿ ಕೇಳಲ್ಲ. ಅವಳು ಇದನ್ನ ಹೊಸಿಲ ಮೇಲೆ ಕೂತು, ಹುರುಳಿಕಾಯಿ ನಾರು ತೆಗೀತಾ, ಒಂದೇ ಸಲ ನೋಡಿದ್ದು. ಈಗ ಇವರು ಎಂತ ಹೇಳಿದ್ರಲ್ಲ, ಅದನ್ನ ಅವಳು ಅವತ್ತೇ ಹೇಳಿದ್ಲು. ಚೊಂಬನ್ನ ದಿನಾ ಒಂದು ಗೇಣು ಅಜ್ಜನ ಕೈ ಹತ್ರ ಇಡ್ತಾಳೆ ನೋಡಿ ಅಂದ್ಲು. ನಾನು ಸುಮ್ನಿರು ಅಂದೆ. ಆ ಚೊಂಬನ್ನ ನಾನು ಮೂರು ಸಲ ನೋಡಿದೀನಿ. ಅದು ಹತ್ರ ಬಂದಿದ್ದು ನಂಗೆ ಕಂಡೇ ಇಲ್ಲ. ಹಂಗಾಗಿ ಮಾತಾಡೋ ಯೋಗ್ಯತೆ ನಂಗಿಲ್ಲ. ಪಿಕ್ಚರ್ ಹಾಕಿ. ಎಲ್ಲರೂ ಚೊಂಬು ನೋಡಿ."

ಬಂದು ಕೂತರು. ನನ್ನ ಹೆಸರು ಹೇಳಲೇ ಇಲ್ಲ.

ಸಿನಿಮಾ ಶುರುವಾಯಿತು. ಅರವತ್ತು ಜನರೂ ಉಸಿರು ಹಿಡಿದು ಒಂದು ಚೊಂಬನ್ನು ನೋಡಿದ್ದನ್ನು ನಾನು ಜೀವನದಲ್ಲಿ ಅವತ್ತೊಂದೇ ದಿನ ಕಂಡದ್ದು. ಮೂರನೇ ಸಲ ಮಗಳು ಅದನ್ನು ಎತ್ತಿ ಈಚೆಗಿಟ್ಟಾಗ ಮುಂದಿನ ಸಾಲಿನ ಅಜ್ಜಿ, "ಬಂತು ಬಂತು, ಇನ್ನೊಂದು ಚೂರು!" ಎಂದು ಕೂಗಿಬಿಟ್ಟರು. ಯಾರೂ ನಗಲಿಲ್ಲ. ಮುಗಿದ ಮೇಲೆ ಬೆಂಗಳೂರಿನವರು ಬಂದು ಮಾವನ ಕೈ ಹಿಡಿದು, ತಮಗೆ ಹೊದಿಸಿದ್ದ ಶಾಲನ್ನು ಅವರ ಹೆಗಲಿಗೆ ಹಾಕಿ, "ಇದು ನಿಮಗ್ಯಾಕೆ ಕೊಡ್ತಿದೀನಿ ಗೊತ್ತಲ್ಲ? ಯಾರಿಗೆ ಕೊಡಬೇಕೋ ಅವರಿಗೆ ಕೊಡಿ" ಎಂದರು.

ವಾಪಸು ಬರುವ ಬಸ್ಸು ಹರಿಹರಪುರ ದಾಟಿತು. ಆಮೇಲೆ ನಾನೇ, ಯಾರ ದನಿಯನ್ನೂ ಕದಿಯದೆ, "ಮಾವ, ಮೂರು ವರ್ಷ ಹೇಳಿದ್ದು ಎಲ್ಲಾ ಸುಳ್ಳು" ಎಂದೆ. ದನಿ ಎಷ್ಟು ತೆಳ್ಳಗಿತ್ತೆಂದರೆ ನನಗೇ ಗುರುತು ಸಿಗಲಿಲ್ಲ.

"ಗೊತ್ತಾತು" ಎಂದರು. ಕಿಟಕಿಯ ಕಡೆಗೇ ನೋಡುತ್ತಿದ್ದರು. "ಆ ದಲ್ಲಾಳಿದು ಚೆನ್ನಾಗಿ ಮಾಡ್ತೀಯ. ಅದಕ್ಕಲ್ಲ ಬೇಜಾರು. ನಿನ್ನ ಗಲಾಟೇಲಿ ಅವಳು ಹೇಳಿದ್ದು ನಂಗೆ ಕೇಳಿಸಲೇ ಇಲ್ಲಲ ಮಾರಾಯ, ಅದಕ್ಕೆ."

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅತ್ತೆ ಹೊಸಿಲ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು. ಮಾವ ಶಾಲು ತೆಗೆದು ಅವರ ಹೆಗಲಿಗೆ ಹಾಕಿದರು. ಅತ್ತೆ ಅದನ್ನು ಕೊಡವಿ, ಮುಟ್ಟಿ ನೋಡಿ, ಎಂತಕ್ಕೆ ಎನ್ನುವ ಹಾಗೆ ಮುಖ ಎತ್ತಿದರು. ಮಾವ ಅವರ ಎದುರಿಗೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ಒಂದೊಂದೇ ಮಾತನ್ನು ಬಾಯಿ ದೊಡ್ಡದು ಮಾಡಿ, ಕಣ್ಣಿನ ಕಡೆ ಕೈ ತೋರಿಸಿ, ಕತ್ತಲೆ ಎಂದು ಅಭಿನಯಿಸಿ, ದೋಣಿ ಹುಟ್ಟು ಹಾಕಿ, ಚೊಂಬು ಸರಿಸಿ, ನೀ ಹೇಳಿದ್ದೇ ಸರಿ ಎಂದರು. ಎರಡನೇ ಬಹುಮಾನದ ಐಟಂ ಕಣ್ಣೆದುರಿಗೆ ನಡೆಯುತ್ತಿತ್ತು. ನನಗೆ ನಗು ಬರಲಿಲ್ಲ.

"ಮಾತು ಕೇಳಲ್ಲ, ಭಾಷೆ ಬರಲ್ಲ" ಎಂದರು ಮಾವ ಕೊನೆಗೆ. "ಹೆಂಗೆ ಗೊತ್ತಾಯ್ತೇ ನಿಂಗೆ ಅದೆಲ್ಲ?"

ಅತ್ತೆ ಅವರ ಮುಖವನ್ನು ಕೊನೆಯವರೆಗೂ ನೋಡಿ, ಮುಂದಿನ ಹುರುಳಿಕಾಯಿ ಕೈಗೆ ತಗೊಂಡು, ಬಾಳಗಡಿಗೆಲ್ಲ ಕೇಳುವ ಹಾಗೆ ಹೇಳಿದರು:

"ಹನ್ನೊಂದು ವರ್ಷದಿಂದ ನಿಮ್ಮ ಮುಖ ನೋಡ್ಕಂಡೇ ಸಂಸಾರ ಮಾಡ್ತಾ ಇದೀನಿ. ಆ ಅಜ್ಜಂದು ಎಷ್ಟೋ ಸುಲಭ ಇತ್ತು!"